ತೆಂಗಿನಕಾಯಿ ಅಪ್ಪ

ನಮ್ಮ ಧಾರಾವಾಹಿಗಳಲ್ಲಿ ಬರುವ ಒಬ್ಬ ಅಪ್ಪನನ್ನು ನೀವೆಲ್ಲ ಬಲ್ಲಿರಿ. ಹೆಗಲ ಮೇಲೊಂದು ಟವೆಲ್ಲು, ಮುಖದ ಮೇಲೆ ಎರಡು ದಿನದ ಗಡ್ಡ, ಬಾಯಿ ತೆರೆದರೆ ಬೈಗುಳ. ಆಟೋ ಓಡಿಸುತ್ತಾನೆ, ಇಲ್ಲವೇ ಗ್ಯಾರೇಜಿನಲ್ಲೋ ಕಾರ್ಖಾನೆಯಲ್ಲೋ ದುಡಿಯುತ್ತಾನೆ. ಮನೆಗೆ ಬಂದವನೇ ಚಪ್ಪಲಿ ಒಂದು ಕಡೆ, ಮಾತು ಇನ್ನೊಂದು ಕಡೆ ಎಸೆಯುತ್ತಾನೆ. ಸಾರಿಗೆ ಉಪ್ಪು ಹೆಚ್ಚಾದರೆ ತಟ್ಟೆ ತಳ್ಳುತ್ತಾನೆ. ಮಗಳು ಮುಂದೆ ಓದುತ್ತೇನೆ ಎಂದರೆ ಗುಡುಗುತ್ತಾನೆ. ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಇದೆಲ್ಲ ನೂರಾರು ಕಂತು ನಡೆದ ಮೇಲೆ ಒಂದು ರಾತ್ರಿ ಅವನ ಹಳೆಯ ಟ್ರಂಕಿನಲ್ಲಿ ಮಗಳ ಬಾಲ್ಯದ ಗೆಜ್ಜೆ, ಅವಳಿಗೆ ಎರಡನೇ ಇಯತ್ತೆಯಲ್ಲಿ ಬಂದ ಬಹುಮಾನದ ಪತ್ರ ಸಿಗುತ್ತವೆ. ಹಿನ್ನೆಲೆಯಲ್ಲಿ ಕೊಳಲು ಕೇಳುತ್ತದೆ. ಮಗಳು ಅಳುತ್ತಾಳೆ, ಹೆಂಡತಿ ಅಳುತ್ತಾಳೆ, ಇತ್ತ ನಾವೂ ಅಳುತ್ತೇವೆ. "ಪಾಪ, ತೆಂಗಿನಕಾಯಿ ಇದ್ದ ಹಾಗೆ ನೋಡ್ರಿ. ಹೊರಗ ಕರಟ, ಒಳಗ ಸಿಹಿನೀರು" ಎಂದು ಮರುದಿನ ಪಕ್ಕದ ಮನೆಯವರಿಗೆ ಹೇಳುತ್ತೇವೆ.

ಈ ತೆಂಗಿನಕಾಯಿ ಅಪ್ಪನ ಮೇಲೆ ನನ್ನದೊಂದು ತಕರಾರಿದೆ. ಅವನು ಬೈಯುತ್ತಾನೆ ಎಂಬುದು ನನ್ನ ತಕರಾರಲ್ಲ. ಬೈಯುವ ಅಪ್ಪಂದಿರು ಲೋಕದಲ್ಲಿ ಇದ್ದಾರೆ, ಕತೆಯಲ್ಲೂ ಇರಲಿ. ಆದರೆ ಆ ಬೈಗುಳವನ್ನೇ ಪ್ರೀತಿಯ ಗುರುತು ಎಂದು ನಮಗೆ ಕಲಿಸುತ್ತಾರಲ್ಲ, ಅದರ ಬಗ್ಗೆ ನನ್ನ ಸಿಟ್ಟು. ಮಗಳೇ, ನಿನ್ನ ಅಪ್ಪ ಎಷ್ಟು ಜೋರಾಗಿ ಕೂಗುತ್ತಾನೋ ಅಷ್ಟು ಆಳವಾಗಿ ಪ್ರೀತಿಸುತ್ತಾನೆ, ಕಾದು ನೋಡು, ಕೊನೆಯ ಕಂತಿನಲ್ಲಿ ಗೊತ್ತಾಗುತ್ತದೆ ಎನ್ನುತ್ತದೆ ಈ ಕತೆ. ಸೇಡಂ ತಾಲೂಕಿನ ಆಡಕಿಯಂಥ ಊರಿನಲ್ಲಿ ಇಪ್ಪತ್ತೆಂಟು ವರ್ಷ ಹೆಣ್ಣುಮಕ್ಕಳಿಗೆ ಪಾಠ ಹೇಳಿದವಳು ನಾನು. ಕೊನೆಯ ಕಂತಿನವರೆಗೆ ಕಾಯುವಷ್ಟು ಪುರುಸೊತ್ತು ನಮ್ಮ ಹುಡುಗಿಯರ ಬದುಕಿನಲ್ಲಿ ಇಲ್ಲ ಎಂಬುದನ್ನು ಅಷ್ಟು ವರ್ಷವೂ ಕಣ್ಣಾರೆ ಕಂಡಿದ್ದೇನೆ.

ಈ ಅಪ್ಪ ನಮ್ಮ ದೇಶದವನಷ್ಟೇ ಅಲ್ಲ, ಜಗತ್ತೆಲ್ಲ ತಿರುಗಿದವನು. ಇಂಗ್ಲೆಂಡಿನ ದೂರದರ್ಶನದಲ್ಲಿ 1966ರಲ್ಲೇ ಆಲ್ಫ್ ಗಾರ್ನೆಟ್ ಎಂಬ ಹೆಸರಿನಲ್ಲಿ ಕಾಣಿಸಿಕೊಂಡ. ಅದನ್ನು ಮಾದರಿಯಾಗಿಟ್ಟುಕೊಂಡು ಅಮೆರಿಕದಲ್ಲಿ 1971ರಲ್ಲಿ 'ಆಲ್ ಇನ್ ದಿ ಫ್ಯಾಮಿಲಿ' ಶುರುವಾಯಿತು. ಅದರ ಅಪ್ಪ ಆರ್ಚಿ ಬಂಕರ್, ನ್ಯೂಯಾರ್ಕಿನಲ್ಲಿ ಸರಕು ಏರಿಸಿ ಇಳಿಸುವ ಕಡೆ ಮೇಸ್ತ್ರಿ. ಬಣ್ಣದವರನ್ನು ಹೀಯಾಳಿಸುವುದು, ಅಳಿಯನನ್ನು ಹಂಗಿಸುವುದು, ಹೆಂಡತಿ ಈಡಿತ್ ಮಾತು ತೆಗೆದರೆ ಬಾಯಿ ಮುಚ್ಚಿಸುವುದು ಅವನ ದಿನಚರಿ. ಆಸ್ಟ್ರೇಲಿಯದಲ್ಲಿ 1985ರಲ್ಲಿ ಆರಂಭವಾದ 'ನೇಬರ್ಸ್' ಧಾರಾವಾಹಿಯಲ್ಲಿ ಮ್ಯಾಕ್ಸ್ ರಾಮ್ಸೆ ಎಂಬ ನಲ್ಲಿ ರಿಪೇರಿಯವನಿದ್ದ. ಬೀದಿಗೆಲ್ಲ ಕೇಳುವ ಹಾಗೆ ಮಾತಾಡುವವನು, ಆದರೂ ನೋಡುಗರಿಗೆ ಅಚ್ಚುಮೆಚ್ಚು. ದೇಶ ಬೇರೆ, ಭಾಷೆ ಬೇರೆ, ಆದರೆ ಟವೆಲ್ಲು ಹೆಗಲಿಂದ ಹೆಗಲಿಗೆ ಹಾರಿಕೊಂಡೇ ಬಂದಿದೆ.

ಆರ್ಚಿ ಬಂಕರನನ್ನು ಸೃಷ್ಟಿಸಿದವರ ಉದ್ದೇಶ ಒಳ್ಳೆಯದೇ ಇತ್ತು. ಅವನ ಸಣ್ಣತನವನ್ನು ನೋಡಿ ಜನ ನಗಲಿ, ನಕ್ಕು ತಮ್ಮ ಸಣ್ಣತನವನ್ನು ಬಿಡಲಿ ಎಂದು ಅವರು ಬಯಸಿದ್ದರು. ಆದರೆ ನೀಲ್ ವಿಡ್ಮರ್, ಮಿಲ್ಟನ್ ರೋಕೀಚ್ ಎಂಬ ಇಬ್ಬರು ವಿದ್ವಾಂಸರು 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯದೇ ಸಂಗತಿ ಕಂಡಿತು. ಮೊದಲೇ ಮನಸ್ಸಿನಲ್ಲಿ ಪೂರ್ವಗ್ರಹ ಇಟ್ಟುಕೊಂಡ ನೋಡುಗರು ಆರ್ಚಿಯನ್ನು ನೋಡಿ ನಾಚಿಕೊಳ್ಳಲಿಲ್ಲ. ತಮ್ಮ ಮಾತನ್ನೇ ಆಡುವ ನಾಯಕ ಸಿಕ್ಕ ಎಂದು ಸಂತೋಷಪಟ್ಟರು. ಬರೆದವನು ಏನು ನೆನೆದು ಬರೆದನೋ, ನೋಡುವವನು ತನಗೆ ಬೇಕಾದುದನ್ನೇ ಆರಿಸಿಕೊಂಡ.

ಟೀವಿಯಿಂದ ಜನ ಕಲಿಯುತ್ತಾರೆಯೇ ಎಂದು ಕೇಳುವವರಿಗೆ ನಮ್ಮ ಜಿಲ್ಲೆಯ ಚರಿತ್ರೆಯನ್ನೇ ಹೇಳಬೇಕು. ಬೆಂಗಳೂರಿನವರಿಗೆ ಈ ಮಾತು ತಿಳಿಸಿದರೆ ಹುಬ್ಬೇರಿಸುತ್ತಾರೆ. ಅವರ ಊರಿಗೆ ದೂರದರ್ಶನ ಬಂದದ್ದು 1981ರಲ್ಲಿ. ನಮ್ಮ ಗುಲ್ಬರ್ಗಕ್ಕೆ, ಅಂದರೆ ಇಂದಿನ ಕಲಬುರಗಿಗೆ, ಪ್ರಸಾರ ಕೇಂದ್ರ ಬಂದದ್ದು 1977ರಲ್ಲಿ. ಅದಕ್ಕೂ ಮೊದಲು 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟೀವಿ ತೋರಿಸುವ ಪ್ರಯೋಗವನ್ನು ಸರಕಾರ ನಡೆಸಿತು. ಕರ್ನಾಟಕದಲ್ಲಿ ಆ ಪ್ರಯೋಗಕ್ಕೆ ಆರಿಸಿಕೊಂಡದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು. ಕರೆಂಟು ಸರಿಯಾಗಿಲ್ಲದ ಊರುಗಳಲ್ಲಿ ಪೆಟ್ಟಿಗೆ ಇಟ್ಟು ಒಕ್ಕಲುತನ, ಆರೋಗ್ಯ, ಶಾಲೆಯ ಪಾಠ ತೋರಿಸಿದರು. ಟೀವಿ ಕಲಿಸುತ್ತದೆ ಎಂಬ ನಂಬಿಕೆಯಿಂದಲೇ ಅಲ್ಲವೇ ಅಷ್ಟು ಖರ್ಚು ಮಾಡಿದ್ದು? ಬೀಜೋಪಚಾರ ಕಲಿಸುವಾಗ ಟೀವಿ ಗುರು, ಅಪ್ಪನ ಅಬ್ಬರ ತೋರಿಸುವಾಗ ಮಾತ್ರ 'ಬರೇ ಮನರಂಜನೆ' ಎಂದರೆ ಒಪ್ಪುವುದು ಹೇಗೆ?

ನನ್ನ ವಾರಿಗೆಯ ಹೆಂಗಸರು 'ಹಮ್ ಲೋಗ್' ಮರೆತಿರಲಾರರು. 1984ರಿಂದ 85ರವರೆಗೆ 156 ಕಂತುಗಳಲ್ಲಿ ಬಂದ ಆ ಹಿಂದಿ ಧಾರಾವಾಹಿಯನ್ನು ಬರೆದವರು ಮನೋಹರ ಶ್ಯಾಮ ಜೋಶಿ. ಕಂತಿನ ಕೊನೆಯಲ್ಲಿ ಅಶೋಕಕುಮಾರ್ ಬಂದು ಎರಡು ಬುದ್ಧಿಮಾತು ಹೇಳುತ್ತಿದ್ದರು. ಹಿಂದಿ ಅರ್ಧ ತಿಳಿದು ಅರ್ಧ ತಿಳಿಯದಿದ್ದರೂ ಟೀವಿ ಇದ್ದ ಮನೆಯ ಪಡಸಾಲೆಯಲ್ಲಿ ನಾವು ಒಬ್ಬರ ಮೇಲೊಬ್ಬರು ಕೂತು ನೋಡಿದ್ದೇ ನೋಡಿದ್ದು. ಆ ಮನೆಯ ಅಪ್ಪ ಬಸೇಸರ ರಾಮ್ ಕುಡುಕ, ಸಿಡುಕ. ಅವನ ಹೆಂಡತಿ ಭಾಗವಂತಿ ಎಲ್ಲವನ್ನೂ ಸಹಿಸುವವಳು. ಮೆಕ್ಸಿಕೋ ದೇಶದ ಮಾದರಿಯನ್ನು ಅನುಸರಿಸಿ, ಮನರಂಜನೆಯ ಜೊತೆಗೆ ಸಮಾಜಕ್ಕೆ ಪಾಠವನ್ನೂ ಹೇಳಲೆಂದು ಮಾಡಿದ ಧಾರಾವಾಹಿ ಅದು. ಭಾಗವಂತಿಯನ್ನು ನೋಡಿ 'ಹೀಗೆ ಬಾಳಬಾರದು' ಎಂದು ಹೆಂಗಸರು ಕಲಿಯಲಿ ಎಂಬುದು ಮಾಡಿದವರ ಲೆಕ್ಕ. ಆದದ್ದೇ ಬೇರೆ. ಅರವಿಂದ ಸಿಂಘಾಲ್, ಎವರೆಟ್ ರೋಜರ್ಸ್ ಎಂಬ ಸಂಶೋಧಕರು ನೋಡುಗರನ್ನು ವಿಚಾರಿಸಿದಾಗ, ಎಷ್ಟೋ ಜನ ಅನುಕರಿಸಲು ತಕ್ಕವಳು ಎಂದು ಹೇಳಿದ್ದು ಅದೇ ಭಾಗವಂತಿಯನ್ನು! ಬೈಸಿಕೊಂಡೂ ಬಾಯಿ ಮುಚ್ಚಿಕೊಂಡಿರುವವಳು ಆದರ್ಶ ಗೃಹಿಣಿಯಾದಳು. ಒರಟು ಅಪ್ಪನನ್ನು ಮುದ್ದು ಮಾಡಿ ತೋರಿಸಿದರೆ ಅವನ ಪಕ್ಕದಲ್ಲಿ ನಿಂತ ಹೆಂಗಸಿನ ಮೌನವೂ ಮುದ್ದಾಗಿ ಕಾಣುತ್ತದೆ. ಬೆಲೆ ತೆರುವವಳು ಅವಳು.

ಅವಳ ಕೆಲಸವೇನೆಂದು ಸ್ವಲ್ಪ ಬಿಡಿಸಿ ನೋಡೋಣ. ಧಾರಾವಾಹಿಯಲ್ಲಾಗಲಿ ನಮ್ಮ ಮನೆಗಳಲ್ಲಾಗಲಿ ತೆಂಗಿನಕಾಯಿ ಅಪ್ಪನಿಗೆ ಒಬ್ಬಳು ದುಭಾಷಿ ಬೇಕೇ ಬೇಕು. ಅಪ್ಪ "ಇಕಿಗೆ ಓದು ಬ್ಯಾಡ, ಗೀದು ಬ್ಯಾಡ" ಎಂದು ಕೂಗಿದರೆ ಅವ್ವ ಅಡುಗೆಮನೆಯಲ್ಲಿ ಮಗಳಿಗೆ ಅದರ ಅರ್ಥ ಹೇಳುತ್ತಾಳೆ: "ಹಂಗಲ್ಲವ್ವ, ನಿಮ್ಮಪ್ಪಗ ನಿನ್ ಮ್ಯಾಲ ಭಾಳ ಜೀವ ಅದ. ಬಸ್ಸಿನ್ಯಾಗ ಹೋಗಿ ಬರೂದು ನೆನಸಿ ಹೆದರ್ತಾನ." ಅಪ್ಪ ತಟ್ಟೆ ತಳ್ಳಿದರೆ ಅವ್ವನ ಅನುವಾದ, "ದಣದು ಬಂದಾನ." ಅಪ್ಪ ವಾರಗಟ್ಟಲೆ ಮಾತು ಬಿಟ್ಟರೆ, "ಮನಸಿನ್ಯಾಗ ಇಟಗೊಂಡಾನ, ಬಾಯಿಗಿ ಬರಂಗಿಲ್ಲ." ಮೂವತ್ತು ನಲವತ್ತು ವರ್ಷ ಈ ಅನುವಾದದ ನೌಕರಿ ಮಾಡಿ, ಸಂಬಳ ಪಿಂಚಣಿ ಯಾವುದೂ ಇಲ್ಲದೆ ಅವಳು ಮುದುಕಿಯಾಗುತ್ತಾಳೆ. ಅಪ್ಪನ ಹೃದಯ ಬೆಣ್ಣೆ ಎಂಬ ಹೆಸರು ಅಪ್ಪನಿಗೇ ಬರುತ್ತದೆ. ಆ ಬೆಣ್ಣೆ ಕಡೆದವಳು ಅವ್ವ ಎಂದು ಯಾರೂ ಬರೆಯುವುದಿಲ್ಲ.

ಒಂದು ವರ್ಷ ಹತ್ತನೇ ತರಗತಿಯ ಮಕ್ಕಳಿಗೆ 'ನನ್ನ ತಂದೆ' ಎಂಬ ವಿಷಯ ಕೊಟ್ಟು ಪ್ರಬಂಧ ಬರೆಸಿದೆ. ಹುಡುಗಿಯರ ವಹಿಗಳನ್ನು ನೋಡುತ್ತ ಹೋದೆ. ಒಂದೇ ಅಚ್ಚಿನಿಂದ ತೆಗೆದ ಸಂಡಿಗೆಯಂತೆ ಎಲ್ಲರದೂ ಒಂದೇ ಮಾತು: ನಮ್ಮ ತಂದೆ ನೋಡಲು ಕಠಿಣ, ಆದರೆ ಒಳಗೆ ಮೃದು, ನಮ್ಮ ತಂದೆ ಬೈದರೂ ನಮ್ಮ ಒಳ್ಳೆಯದಕ್ಕೇ. ಮರುದಿನ ತರಗತಿಯಲ್ಲಿ ಕೇಳಿದೆ, "ನಿಮ್ಮಪ್ಪ ನಿಮಗ ಈ ವಾರ ಆಡಿದ್ದು ಒಂದು ಪ್ರೀತಿ ಮಾತು ಹೇಳ್ರಿ ನೋಡಮು." ಮೊದಲು ಕಿಸಿಕಿಸಿ ನಗು, ಆಮೇಲೆ ಮೌನ. ಕಡೆಗೆ ಒಬ್ಬಳು ಎದ್ದು, "ಮಾತಾಡಂಗಿಲ್ಲರಿ ಟೀಚರ್, ಆದ್ರ ನಮ್ಮವ್ವ ಹೇಳ್ತಾಳ್ರಿ, ಅವರಿಗಿ ನಮ್ ಮ್ಯಾಲ ಪ್ರೀತಿ ಅದ ಅಂತ" ಎಂದಳು. ನೋಡಿರಿ, ಪ್ರೀತಿ ಇದೆ ಎಂಬುದಕ್ಕೆ ಆ ಹುಡುಗಿಯ ಬಳಿ ಇದ್ದ ಸಾಕ್ಷಿ ಒಂದೇ, ಅದೂ ಕೇಳಿದ ಸಾಕ್ಷಿ, ಕಂಡದ್ದಲ್ಲ. ಇಂಥ ಸಾಕ್ಷಿಯನ್ನು ಕೋರ್ಟಿನಲ್ಲೂ ಒಪ್ಪುವುದಿಲ್ಲ.

ಅದೇ ತರಗತಿಯ ಇನ್ನೊಬ್ಬ ಹುಡುಗಿ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದಳು. ಸೇಡಮ್ಮಿನ ಕಾಲೇಜಿಗೆ ಪಿಯುಸಿ ಸೇರಬೇಕಿತ್ತು. ಅವಳ ಅಪ್ಪ ಕೆಟ್ಟವನಲ್ಲ. ಕಲ್ಲಿನ ಖಣಿಯಲ್ಲಿ ದುಡಿದು ಮೂರು ಮಕ್ಕಳನ್ನು ಸಾಕಿದವನು, ಸೆರೆ ಮುಟ್ಟಿದವನಲ್ಲ. ಆದರೆ ಮಾತು ಬಲು ಬಿರುಸು. ಮಗಳು ಅರ್ಜಿ ಮುಂದೆ ಹಿಡಿದಾಗ "ನಡಿ ಅತ್ತಾಗ" ಎಂದನಂತೆ. ಅವ್ವ ಎಂದಿನಂತೆ ಅನುವಾದ ಮಾಡಿದಳು: "ಈಗ ಸಿಟ್ಟಿನ್ಯಾಗ ಅದಾನ. ನಾಕ ದಿನ ತಡಿ, ತಾನೇ ಸಹಿ ಮಾಡ್ತಾನ." ಹುಡುಗಿ ನಾಲ್ಕು ದಿನ ತಡೆದಳು, ಎಂಟು ದಿನ ತಡೆದಳು. ಅರ್ಜಿಯ ಕೊನೆಯ ದಿನ ದಾಟಿತು. ವರ್ಷ ಮುಗಿಯುವುದರೊಳಗೆ ಹುಡುಗನನ್ನು ಗೊತ್ತು ಮಾಡಿದರು, ಹದಿನೆಂಟು ತುಂಬಿದ ತಿಂಗಳಲ್ಲೇ ಮದುವೆಯಾಯಿತು. ಮದುವೆಯ ದಿನ ಅಪ್ಪ ಚಪ್ಪರದ ಕಂಬ ಹಿಡಿದು ಗಳಗಳ ಅತ್ತನಂತೆ. ಬಂದವರೆಲ್ಲ, "ನೋಡ್ರಿ, ಎಷ್ಟು ಜೀವ ಇಟ್ಟಿದ್ದ ಮಗಳ ಮ್ಯಾಲ" ಎಂದು ತಾವೂ ಅತ್ತರು. ಧಾರಾವಾಹಿಯಾಗಿದ್ದರೆ ಇದು ಬಹುಮಾನ ಗಿಟ್ಟಿಸುವ ಕಂತು. ನನಗೆ ಮಾತ್ರ ಅನಿಸಿದ್ದು ಒಂದೇ: ಈ ಕಣ್ಣೀರಿನಲ್ಲಿ ಒಂದು ಹನಿ ಜೂನ್ ತಿಂಗಳಲ್ಲಿ ಬಿದ್ದಿದ್ದರೆ, ಆ ಅರ್ಜಿಯ ಮೇಲೆ ಬಿದ್ದಿದ್ದರೆ!

ಧಾರಾವಾಹಿಗೂ ಬದುಕಿಗೂ ಇರುವ ವ್ಯತ್ಯಾಸ ಇಲ್ಲಿದೆ. ಧಾರಾವಾಹಿಗೆ ಸಾವಿರ ಕಂತಿನ ಆಯುಷ್ಯ. ಅಪ್ಪನ ಒಳಗಿನ ಸಿಹಿನೀರು ಒಂಬೈನೂರನೇ ಕಂತಿನಲ್ಲಿ ಚಿಮ್ಮಿದರೂ ನಾಯಕಿ ಅಷ್ಟೇ ಚೆಲುವೆಯಾಗಿ, ಅಷ್ಟೇ ವಯಸ್ಸಿನವಳಾಗಿ ಕಾಯುತ್ತಿರುತ್ತಾಳೆ. ನಮ್ಮ ಹುಡುಗಿಗೆ ಇರುವುದು ಫಲಿತಾಂಶಕ್ಕೂ ಪ್ರವೇಶಕ್ಕೂ ನಡುವಿನ ಕೆಲವೇ ದಿನ. ಹೂತಿಟ್ಟ ಹೊನ್ನು ಹಸಿವಿಗೆ ಆಗುವುದಿಲ್ಲ.

ಇಲ್ಲಿಗೆ ಕೆಲವರು ನನ್ನನ್ನು ತಡೆದು ಹೇಳುತ್ತಾರೆಂದು ನನಗೆ ಗೊತ್ತು: "ಏನ್ರೀ ಟೀಚರ್, ಬಡವರ ಕಷ್ಟ ನಿಮಗೇನು ಗೊತ್ತು? ಬಿಸಿಲಲ್ಲಿ ಕಲ್ಲು ಒಡೆದವನಿಗೆ ನಯವಾದ ಮಾತು ಎಲ್ಲಿಂದ ಬರಬೇಕು?" ಈ ಮಾತಿಗೆ ಉತ್ತರ ಕೊಡಲೇಬೇಕು. ಏಕೆಂದರೆ ನಾನು ಕಲ್ಲು ಒಡೆದವನ ಮಗಳೇ.

ನಮ್ಮ ಸೀಮೆಯೇ ಕಲ್ಲಿನದು. ಶಹಾಬಾದಿನ ಹಾಸುಗಲ್ಲು ದೇಶದಲ್ಲೆಲ್ಲ ಮನೆಗಳ ನೆಲಕ್ಕೆ ಹೋಗಿದೆ. ಸುಣ್ಣದಕಲ್ಲಿನಿಂದಾಗಿಯೇ ವಾಡಿ, ಶಹಾಬಾದ, ಮಳಖೇಡ, ಸೇಡಂ, ಕುರಕುಂಟಾಗಳಲ್ಲಿ ಸಿಮೆಂಟು ಕಾರ್ಖಾನೆಗಳು ಎದ್ದವು. ಕೆಲವು ಮುಚ್ಚಿದವು, ಕೆಲವು ನಡೆದಿವೆ. ಬೇಸಿಗೆಯಲ್ಲಿ ಕಲ್ಲು ಕಾದು ಕೆಂಡವಾಗುವ ಈ ನೆಲದಲ್ಲಿ ಸುತ್ತಿಗೆ ಹಿಡಿದು ದುಡಿಯುವವರ ಮೈ ಏನಾಗುತ್ತದೆ, ಕೆಮ್ಮು ಏನು, ಸೊಂಟ ನೋವು ಏನು ಎಂಬುದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಅಪ್ಪ ಓದು ಬರಹ ಬಾರದವನು. ಅಂಗೈ ಗೆರೆಗಳೆಲ್ಲ ಸವೆದು ಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಗುರುತೇ ಮೂಡುತ್ತಿರಲಿಲ್ಲ, ಎರಡೆರಡು ಸಲ ಒತ್ತಬೇಕಾಗುತ್ತಿತ್ತು. ಅಂಥವನು ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ರೊಟ್ಟಿ ಮುರಿಯುವ ಮೊದಲು ಕೇಳುತ್ತಿದ್ದ ಮಾತು, "ಯವ್ವಾ, ಇವತ್ತ ಸಾಲ್ಯಾಗ ಏನ್ ಹೇಳಿಕೊಟ್ರು?" ನಾನು ಹೇಳಿದ್ದು ಅವನಿಗೆ ಎಷ್ಟು ತಿಳಿಯುತ್ತಿತ್ತೋ. ಆದರೆ ಕೇಳುತ್ತಿದ್ದ, ತಲೆಯಾಡಿಸುತ್ತಿದ್ದ. ನನ್ನ ಬಿ.ಎ., ಬಿ.ಎಡ್. ಎರಡರ ಹಿಂದೆಯೂ ಆ ಒಂದು ಪ್ರಶ್ನೆ ಇದೆ. ಅದಕ್ಕೆ ಅನುವಾದ ಬೇಕಿರಲಿಲ್ಲ.

ಆದ್ದರಿಂದ ದುಡಿಯುವವನು ಒರಟಾಗಿಯೇ ಇರಬೇಕು ಎಂಬ ಮಾತು ನನಗೆ ಕನಿಕರವಾಗಿ ಕೇಳುವುದಿಲ್ಲ, ಅವಮಾನವಾಗಿ ಕೇಳುತ್ತದೆ. ಧಾರಾವಾಹಿಗಳನ್ನೇ ನೋಡಿ. ಬಂಗಲೆಯ ಅಪ್ಪ ಕೋಟು ಹಾಕಿಕೊಂಡು ಮಗಳ ತಲೆ ನೇವರಿಸಿ ಮಾತಾಡುತ್ತಾನೆ. ಆಟೋ ಓಡಿಸುವ ಅಪ್ಪ ಕಿರುಚುತ್ತಾನೆ. ಪ್ರೀತಿ ಹೇಳಲು ನುಡಿ ಇರುವುದು ದುಡ್ಡಿದ್ದವರಿಗೆ ಮಾತ್ರ, ಬಡವನ ಪ್ರೀತಿ ಟ್ರಂಕಿನಲ್ಲೇ ಇರಬೇಕು ಎಂದು ಇದರ ಅರ್ಥವೇ? ಇದನ್ನು ಬರೆಯುವವರು ದುಡಿಯುವ ಮನೆಯೊಳಗೆ ಒಂದು ರಾತ್ರಿಯಾದರೂ ಕಳೆದಿದ್ದಾರೋ ಇಲ್ಲವೋ ಎಂಬ ಅನುಮಾನ ನನಗೆ. ಇನ್ನು, ಸಿರಿವಂತರೆಲ್ಲ ನಯದವರೇ ಎಂಬುದೂ ಸುಳ್ಳು. 1986ರಲ್ಲಿ ಶಂಕರನಾಗ್ ಆಗುಂಬೆಯಲ್ಲಿ ತೆಗೆದ 'ಮಾಲ್ಗುಡಿ ಡೇಸ್' ನೆನಪಿಸಿಕೊಳ್ಳಿ. ಸ್ವಾಮಿಯ ಅಪ್ಪನಾಗಿ ಗಿರೀಶ ಕಾರ್ನಾಡರು ಬರುತ್ತಿದ್ದರು. ಓದಿದವನು, ವಕೀಲ, ಆದರೂ ಹುಡುಗ ಅವನೆದುರು ನಡುಗುತ್ತಾನೆ. ಬಿರುಸು ಮಾತು ಕಲ್ಲು ಒಡೆಯುವುದರಿಂದ ಬರುವುದಿಲ್ಲ, ಸಿಮೆಂಟಿನ ಧೂಳಿನಿಂದಲೂ ಬರುವುದಿಲ್ಲ. ಮನೆಯಲ್ಲಿ ತನಗೆ ಉತ್ತರ ಕೊಡುವವರು ಯಾರೂ ಇಲ್ಲ ಎಂಬ ಧೈರ್ಯದಿಂದ ಬರುತ್ತದೆ.

ನಂಬಿಕೆ ಬಾರದಿದ್ದರೆ ಅದೇ ಒರಟು ಅಪ್ಪನನ್ನು ಮನೆಯ ಹೊರಗೆ ನೋಡಿ. ಚಹಾದಂಗಡಿಯಲ್ಲಿ ಗೆಳೆಯರ ಜೊತೆ ನಗುತ್ತಾನೆ. ಸಾಹುಕಾರನ ಮುಂದೆ ಮೆಲ್ಲಗೆ ಮಾತಾಡುತ್ತಾನೆ. ಕಾರಹುಣ್ಣಿಮೆಯ ದಿನ ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಕೊರಳು ತಬ್ಬಿ "ನನ್ನ ರಾಜಾ" ಎನ್ನುತ್ತಾನೆ. ಅಂದರೆ ಅವನ ಬಾಯಿಗೆ ಮಾತೂ ಬರುತ್ತದೆ, ಮುದ್ದೂ ಬರುತ್ತದೆ. ಎತ್ತಿಗೆ ದಕ್ಕಿದ್ದು ಮಗಳಿಗೆ ಯಾಕೆ ದಕ್ಕಬಾರದು?

ಇನ್ನು ಕೆಲವರು ನಗೆಯಾಡುತ್ತಾರೆ: "ಹಾಗಾದರೆ ನಮ್ಮ ಅಪ್ಪಂದಿರೂ ಇಂಗ್ಲಿಷ್ ಸಿನಿಮಾದವರ ಹಾಗೆ ದಿನಕ್ಕೆ ನಾಲ್ಕು ಸಲ ಪ್ರೀತಿ ಪ್ರೀತಿ ಎಂದು ಹೇಳುತ್ತ ತಿರುಗಬೇಕೆ?" ಬೇಡವೇ ಬೇಡ. ನಮ್ಮ ಭಾಷೆಗೆ ಅಂಥ ದಾರಿದ್ರ್ಯ ಬಂದಿಲ್ಲ. ನಮ್ಮ ಕಡೆ ಮಗಳನ್ನು 'ಯವ್ವಾ' ಎಂದು ಕರೆಯುತ್ತಾರೆ. ಹೆತ್ತ ತಾಯಿಗೆ ಸಲ್ಲುವ ಹೆಸರನ್ನೇ ಹುಟ್ಟಿದ ಮಗಳಿಗೆ ಕೊಡುವ ನುಡಿ ನಮ್ಮದು. "ಉಂಡೇನವ್ವಾ", "ಬಸ್ಸು ಸಿಕ್ತೇನು", "ಪರೀಕ್ಷಾ ಹೆಂಗಾಯ್ತು" ಇಷ್ಟು ಸಾಕು. ನಮ್ಮ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ 'ಕವಿರಾಜಮಾರ್ಗ' ಬರೆದಾಗ, ಕನ್ನಡಿಗರು ಹದವರಿತು ಮಾತಾಡಬಲ್ಲರು, ಆಡಿದ್ದನ್ನು ಅರಿಯಬಲ್ಲರು ಎಂದು ಹೊಗಳಿದ. ಆ ಹೊಗಳಿಕೆ ಹುಟ್ಟಿದ ಕಾಗಿಣಾ ದಂಡೆಯಲ್ಲೇ ಕುಳಿತು 'ನಮ್ಮ ಗಂಡಸರಿಗೆ ಮಾತು ಬರುವುದಿಲ್ಲ, ಅದೇ ಅವರ ಚೆಂದ' ಎಂದರೆ ಸರಿಯಾದೀತೇ?

ನಮ್ಮ ಕನ್ನಡ ಧಾರಾವಾಹಿಗಳಿಗೆ ಬೇರೆ ದಾರಿ ಗೊತ್ತಿಲ್ಲ ಎಂದೇನೂ ನಾನು ಹೇಳುವುದಿಲ್ಲ. 2021ರ ಡಿಸೆಂಬರಿನಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ನೋಡಿದವರಿಗೆ ಗೊತ್ತಿದೆ. ಗಂಡುಮಗು ಆಗಲಿಲ್ಲವೆಂದು ಗಂಡ ಬಿಟ್ಟು ಹೋದ ಹೆಂಗಸು ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಬೆಳೆಸುತ್ತಾಳೆ. ಉಮಾಶ್ರೀಯವರ ಆ ಪುಟ್ಟಕ್ಕ ದುಡಿಮೆಯಲ್ಲಿ ಯಾವ ಅಪ್ಪನಿಗೂ ಕಡಿಮೆಯವಳಲ್ಲ, ಆದರೂ ಮಕ್ಕಳೊಡನೆ ಅವಳಿಗೆ ಮಾತಿನ ಬರವಿಲ್ಲ. ಬೆವರೂ ಮಮತೆಯೂ ಒಂದೇ ಮೈಯಲ್ಲಿ ಇರಬಹುದು ಎಂದು ಆ ಪಾತ್ರ ತೋರಿಸಿತು. 2024ರಲ್ಲಿ ಬಂದ 'ಲಕ್ಷ್ಮೀ ನಿವಾಸ'ದಲ್ಲಿ ಸ್ವಂತ ಮನೆಯ ಕನಸು ಹೊತ್ತ ವಯಸ್ಸಾದ ದಂಪತಿಯ ಕತೆ ಇದೆ. ಗಂಡ ಶ್ರೀನಿವಾಸ ಅಬ್ಬರಿಸುವವನಲ್ಲ, ಹೆಂಡತಿಯೊಡನೆ ಕಷ್ಟಸುಖ ಆಡುವವನು. ಜನ ನೋಡಲಿಲ್ಲವೇ? ನೋಡಿದರು. ಮೆತ್ತಗಿನ ಅಪ್ಪನನ್ನು ತೋರಿಸಿದರೆ ಜನ ಚಾನೆಲ್ ಬದಲಿಸುತ್ತಾರೆ ಎಂಬುದು ಬರೆಯುವವರ ಹೆದರಿಕೆಯೇ ಹೊರತು ನಮ್ಮ ರುಚಿಯಲ್ಲ.

ಅಷ್ಟಕ್ಕೂ ತೆಂಗಿನಕಾಯಿಯ ಹೋಲಿಕೆಯೇ ನಮ್ಮ ಸೀಮೆಯದಲ್ಲ. ನಮ್ಮದು ತೊಗರಿಯ ನಾಡು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂದಿದೆ. ಹಸಿ ತೊಗರಿಕಾಯಿ ನೋಡಿದ್ದೀರಲ್ಲ, ಮೇಲೆ ಸಿಪ್ಪೆ ಇದೆ, ಗಟ್ಟಿಯೂ ಇದೆ. ಆದರೆ ಮೂರು ವರ್ಷದ ಮಗು ಹೆಬ್ಬೆರಳಿನಿಂದ ಒತ್ತಿದರೂ ಬಿಚ್ಚಿಕೊಳ್ಳುತ್ತದೆ, ಕಾಳು ಅಂಗೈಗೆ ಬೀಳುತ್ತದೆ. ಹೊಲದಲ್ಲಿ ಒಣಗಲು ಬಿಟ್ಟರೆ ಮಾತ್ರ ಬಡಿಗೆ ಹಿಡಿದು ಬಡಿಯಬೇಕು. ಅಪ್ಪಂದಿರಿಗೆ ಸಿಪ್ಪೆಯೇ ಇರಬಾರದೆಂದು ನಾನು ಹೇಳುತ್ತಿಲ್ಲ. ಬಿಸಿಲು ಗಾಳಿಗೆ ಮೈಯೊಡ್ಡುವವನಿಗೆ ಸಿಪ್ಪೆ ಬೇಕು. ಆದರೆ ಮಗಳ ಹೆಬ್ಬೆರಳಿಗೆ ಬಿಚ್ಚಿಕೊಳ್ಳುವಷ್ಟಾದರೂ ಹಸಿತನ ಇರಲಿ.

ಆದ್ದರಿಂದ ಧಾರಾವಾಹಿ ಬರೆಯುವ ಅಣ್ಣ ಅಕ್ಕಂದಿರಿಗೆ ನನ್ನದೊಂದು ಬೇಡಿಕೆ. ದುಡಿಯುವ ಅಪ್ಪನನ್ನು ಅವಶ್ಯ ತೋರಿಸಿ. ರೇಷ್ಮೆ ಸೀರೆಯಲ್ಲಿ ಮಲಗಿ ಏಳುವ ಮನೆಗಳ ನಡುವೆ ಅವನು ಅಪರೂಪವಾಗಿದ್ದಾನೆ. ಅವನ ದುಡಿಮೆಯನ್ನೂ ತೋರಿಸಿ: ಅವನ ಕೂಲಿ ಎಷ್ಟು, ಸಾಲ ಎಷ್ಟು, ಬೆನ್ನು ಯಾಕೆ ನೋಯುತ್ತದೆ ಎಂಬುದನ್ನು ತೋರಿಸಿ. ಅವನು ಸಿಟ್ಟಾಗಲಿ, ಆದರೆ ಆ ಸಿಟ್ಟಿಗೆ ಅವನೇ ಉತ್ತರ ಹೇಳಲಿ. ಹೆಂಡತಿಯ ಹತ್ತಿರ "ತಪ್ಪಾಯ್ತು" ಎಂದು ಬಾಯಿಬಿಟ್ಟು ಅನ್ನಲಿ. ಮಗಳ ಅರ್ಜಿಗೆ ಮೊದಲ ವಾರದಲ್ಲೇ ಸಹಿ ಹಾಕಲಿ. ಆಮೇಲೆ ಕತೆ ಮುಂದುವರಿಯಲು ಬೇಕಾದಷ್ಟು ಕಷ್ಟಗಳಿವೆ, ಕಾಲೇಜಿನ ಫೀ ಇದೆ, ಬಸ್ಸಿನ ಗದ್ದಲ ಇದೆ, ಊರವರ ನಾಲಿಗೆ ಇದೆ. ಸಾವಿರ ಕಂತು ಬೇಕಾದರೆ ಬರೆಯಬಹುದು.

ಓದುವ ಗೆಳತಿಯರೇ, ನಿಮಗೂ ಒಂದು ಮಾತು. ಬರೆಯುವವರು ತಿದ್ದಿಕೊಳ್ಳುವವರೆಗೆ ನಾವು ಕೈಕಟ್ಟಿ ಕೂರಬೇಕಿಲ್ಲ. ಆ ದುಭಾಷಿಯ ನೌಕರಿಗೆ ನಾವೇ ರಾಜೀನಾಮೆ ಕೊಡಬಹುದು. ಇನ್ನು ಮುಂದೆ ಮಗಳು ಬಂದು, "ಅಪ್ಪ ಏನಂತಾನ?" ಎಂದು ಕೇಳಿದರೆ, "ಅವರ ಮನಸ್ಸು ಒಳ್ಳೇದದ" ಎಂದು ಅರ್ಥ ಹೇಳಬೇಡಿ. ಗಂಡನ ಎದುರು ನಿಂತು, "ನಿಮ್ಮ ಮಗಳು ಕೇಳ್ಯಾಳ, ನೀವೇ ಹೇಳ್ರಿ" ಎನ್ನಿ. ಮೊದಮೊದಲು ಗುಡುಗಬಹುದು. ನಲವತ್ತು ವರ್ಷ ಬಳಸದ ಬಾಗಿಲು ತೆರೆಯುವಾಗ ಕಿರ್ರೆನ್ನದೆ ಇರುತ್ತದೆಯೇ? ಗುಡುಗಿನ ನಡುವೆ ಒಂದು ಒಳ್ಳೆಯ ಮಾತು ಬಂದರೆ ಅದು ಅವನದೇ ಮಾತಾಗಿರುತ್ತದೆ. ಅದನ್ನು ಮಗಳು ಕಿವಿಯಾರೆ ಕೇಳಿರುತ್ತಾಳೆ. ಮಾತು ಬರಲೇ ಇಲ್ಲ ಎನ್ನಿ, ಆಗ ಅಲ್ಲಿ ಏನಿದೆ, ಏನಿಲ್ಲ ಎಂಬುದಾದರೂ ಅವಳಿಗೆ ತಿಳಿಯುತ್ತದೆ. ಇಲ್ಲದ ಸಿಹಿನೀರನ್ನು ನಂಬಿ ಕೂರುವುದಕ್ಕಿಂತ ಅದು ಮೇಲು. ಟೀಚರಿನ ಬಳಿ ಹೋಗುವುದೋ, ಸೋದರಮಾವನನ್ನು ಕರೆಸುವುದೋ, ಅವಳು ಬೇರೆ ದಾರಿ ಹುಡುಕಿಯಾಳು.

2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದುಡ್ಡು ಬೇಕಿಲ್ಲ. ಆಡಕಿಯಿಂದ ಸೇಡಮ್ಮಿಗೆ ಹೋಗಲು ಅಪ್ಪನ ಜೇಬಿಗೆ ಕೈ ಹಾಕಬೇಕಿಲ್ಲ. ಅವನಿಂದ ಬೇಕಾದುದು ಇನ್ನು ಎರಡೇ: ಒಂದು ಸಹಿ, ಒಂದು ಮಾತು. "ಹೋಗಿ ಬಾರವ್ವಾ" ಎಂಬಷ್ಟೇ ಮಾತು. ಅದನ್ನು ಬೆಳಗಿನ ಬಸ್ಸು ಬರುವ ಮೊದಲೇ ಹೇಳಬೇಕು.